ಶೈಮಾಳ ಕತ್ತರಿ, ಕಲ್ಲುಗುಡ್ಡೆಯ ಪಾರ್ಸೆಲ್

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಶೈಮಾ ಶಟರ್ ಎತ್ತಿ, ಜೆರಾಕ್ಸ್ ಮಿಷನ್ನಿನ ಮೇಲಿನ ಬಟ್ಟೆ ತೆಗೆದು, ಕಂಪ್ಯೂಟರಿನ ಗುಂಡಿ ಒತ್ತುವಷ್ಟರಲ್ಲಿ ಗಂಗಾಧರಪ್ಪನವರ ಕಾರು ಅಂಗಡಿಯ ಎದುರಿಗೆ ಬಂದು ನಿಂತಿತು. ಅವರು ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನ ಎರಡು ತುಂಡು ತೆಗೆದರು. ಒಂದು ಕಾರ್ಡನ್ನು ನಡುವೆ ಕತ್ತರಿಸಿದ್ದರಿಂದ ಆದ ಎರಡು ತುಂಡು.

“ಇದೇ ಅಲ್ವಾ ನೀನು ನನಗೆ ಕೊಟ್ಟಿದ್ದು? ಮೂರು ತಿಂಗಳಾಯ್ತು. ಇದನ್ನೇ ಜೀಪಿಗೆ ಹಾಕಿ ಓಡಿಸ್ಲಾ?”

ಪಕ್ಕದ ಹೋಟೆಲಿನ ಬೆಂಚಿನಲ್ಲಿ ಚಾ ಕುಡಿಯುತ್ತಿದ್ದವರು ನಕ್ಕರು. ನಗಲೆಂದೇ ಗಂಗಾಧರಪ್ಪನವರು ಅಷ್ಟು ಜೋರಾಗಿ ಹೇಳಿದ್ದರು.

“ಇಂಗ್ಲೆಂಡಿನ ಅಂಗಡಿಯವರು ಕಳಿಸಿದ್ದೀವಿ ಅಂತ ಮೂರು ಸಲ ಬರೆದಿದ್ದಾರೆ ಸಾಹುಕಾರ್ರೇ. ನಿಮಗೆ ಪ್ರಿಂಟ್ ತೆಗೆದು ಕೊಟ್ಟಿದ್ದೀನಿ.”

“ಪ್ರಿಂಟು! ನಿನ್ನ ಮಿಷನ್ನಿನಲ್ಲಿ ನೀನೇ ತೆಗೆದ ಪ್ರಿಂಟು. ಇಂಗ್ಲೆಂಡಿನ ರಾಣಿ ಸಹಿ ಹಾಕಿದ್ದಾಳೆ ಅಂತಲೂ ತೆಗೀಬಹುದು ಅದರಲ್ಲಿ.” ಅವರು ಬೆಂಚಿನ ಕಡೆ ಒಮ್ಮೆ ನೋಡಿ ಮತ್ತೆ ತಿರುಗಿದರು. “ಶುಕ್ರವಾರ ನಾನು ಬರ್ತೀನಿ. ಸಾಮಾನು ಇರಬೇಕು. ಇಲ್ಲ ಅಂದ್ರೆ ಈ ಶಟರಿನ ಕೀ ನನ್ನ ಕೈಲಿರಬೇಕು. ಕಳ್ಳ ಕಾರ್ಡಿನ ವ್ಯಾಪಾರಕ್ಕೆ ನಮ್ಮಪ್ಪ ಈ ಮಳಿಗೆ ಕಟ್ಟಿಸಿದ್ದಲ್ಲ.”

ಹೇಳಿ, ಎರಡೂ ತುಂಡುಗಳನ್ನು ಅವಳತ್ತ ಎಸೆದರು. ಒಂದು ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ ಬಿತ್ತು. ಇನ್ನೊಂದು ಬಾಗಿಲಿನ ಚೌಕಟ್ಟಿಗೆ ತಾಗಿ ಹಿಂದಕ್ಕೆ ಚಿಮ್ಮಿ, ಚಪ್ಪಡಿ ಕಲ್ಲಿನ ಸಂದಿಯಿಂದ ಚರಂಡಿಗೆ ಜಾರಿತು. ಶೈಮಾ ಅದು ಬಿದ್ದ ಜಾಗವನ್ನು ನೋಡಿದಳು. ಎದ್ದು ಬಗ್ಗಿ ಹೆಕ್ಕಬಹುದಿತ್ತು. ಅವರ ಕಾಲಿನ ಬಳಿ ಬಗ್ಗಲು ಮನಸ್ಸಾಗದೆ ಕೂತೇ ಇದ್ದಳು. ಕಾರು ಹೋಯಿತು. ಆಮೇಲೂ ಹೆಕ್ಕಲಿಲ್ಲ.

ಇದು ೨೦೦೮ರ ಫೆಬ್ರುವರಿ ಮಾತು. ಬಣಕಲ್‌ನ ಹೆದ್ದಾರಿ ಬದಿಯಲ್ಲಿ ಗಂಗಾಧರಪ್ಪನವರ ಕುಟುಂಬಕ್ಕೆ ಆರು ಮಳಿಗೆಗಳ ಸಾಲೊಂದಿತ್ತು. ಮೂರನೆಯದು ಶೈಮಾಳದು. ಎಸ್‌ಟಿಡಿ ಬೂತಾಗಿ ಶುರುವಾಗಿ, ಮೊಬೈಲ್ ಬಂದ ಮೇಲೆ ಬೂತು ಬಡವಾಗಿ, ಜೆರಾಕ್ಸು, ಪಹಣಿ ಅರ್ಜಿ, ಪರೀಕ್ಷೆಯ ಫಲಿತಾಂಶ ಇವುಗಳಿಂದ ಬದುಕಿಕೊಂಡಿದ್ದ ಅಂಗಡಿ. ರಸ್ತೆಯ ಆಚೆ ಬದಿಗೆ ಅವಳ ಗಂಡ ಜಿಯಾಉದ್ದೀನನ ಗ್ಯಾರೇಜು. ಅದರ ಹಿಂಭಾಗದಲ್ಲಿ ಗಂಗಾಧರಪ್ಪನವರ ತಂದೆಯ ಕಾಲದ ಇಂಗ್ಲಿಷ್ ಜೀಪು ಬಾನೆಟ್ ತೆರೆದುಕೊಂಡು ನಿಂತಿತ್ತು.

ಕಾರ್ಡಿನ ಕೆಲಸ ಅವಳಿಗೆ ಹತ್ತಿದ್ದು ತಮ್ಮ ವಸೀಮನಿಂದ. ಅವನು ಶಾರ್ಜಾದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಮೊದಲೇ ದುಡ್ಡು ತುಂಬಿದ ಕಾರ್ಡುಗಳು ಸಿಗುತ್ತಿದ್ದವು: ಐವತ್ತು ಡಾಲರ್, ನೂರು ಡಾಲರ್, ನೂರೈವತ್ತು. ಮೇಲೆ ಯಾರ ಹೆಸರೂ ಇಲ್ಲ. ಹದಿನಾರು ಅಂಕಿ, ಹಿಂಬದಿಗೆ ಮೂರು ಅಂಕಿಯ ಗುಟ್ಟು ಸಂಖ್ಯೆ, ಅಷ್ಟೇ. ರಜೆಗೆ ಊರಿಗೆ ಬರುವವರ ಕೈಲಿ ವಸೀಮ್ ನಾಲ್ಕೈದು ಕಾರ್ಡು ಕಳಿಸುತ್ತಿದ್ದ. ಬ್ಯಾಂಕಿನ ಕ್ರೆಡಿಟ್ ಕಾರ್ಡು ಚಿಕ್ಕಮಗಳೂರಿನ ವಕೀಲರಿಗೂ ದೊಡ್ಡ ಪ್ಲಾಂಟರುಗಳಿಗೂ ಮಾತ್ರ ಗೊತ್ತಿದ್ದ ದಿನಗಳಲ್ಲಿ, ಬಣಕಲ್‌ನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಅಮೆರಿಕದಿಂದ ಸಾಮಾನು ತರಿಸಬಹುದಾಗಿತ್ತು. ಅದು ಕಾನೂನಿಗೆ ಸರಿಯೋ ಎಂದು ಆಗ ಅಲ್ಲಿ ಯಾರೂ ಕೇಳಲಿಲ್ಲ. ಕಳಸದ ಕಡೆಯ ಎಸ್ಟೇಟ್ ಮ್ಯಾನೇಜರ್ ಒಬ್ಬರು ಹಕ್ಕಿ ನೋಡುವ ದುರ್ಬೀನು ತರಿಸಿದರು. ಕೊಟ್ಟಿಗೆಹಾರದ ಮೇಷ್ಟ್ರೊಬ್ಬರಿಗೆ ಜಪಾನಿನ ಮೌತ್ ಆರ್ಗನ್ ಬಂತು. ಎಡಗೈ ಬಳಸುವ ಒಬ್ಬಾಕೆ ಎಡಗೈಯವರ ಕತ್ತರಿ ತರಿಸಿಕೊಂಡರು.

ಜನ ನಂಬುತ್ತಿರಲಿಲ್ಲ. ಕಾರ್ಡಿನಲ್ಲಿ ಉಳಿದ ದುಡ್ಡನ್ನು ಇವಳು ಆಮೇಲೆ ತಿಂದುಬಿಟ್ಟರೆ? ಅದಕ್ಕೆ ಶೈಮಾ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಳು. ಸಾಮಾನಿನ ಬೆಲೆಗೆ ಸರಿಯಾದ ಕಾರ್ಡು ತೆಗೆದು, ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರ್ಡರ್ ಹಾಕಿ, ಪರದೆಯ ಮೇಲೆ “ಸಂದಾಯವಾಗಿದೆ” ಎಂದು ಬಂದ ಕೂಡಲೇ ಡ್ರಾಯರಿನಿಂದ ಕತ್ತರಿ ತೆಗೆದು ಕಾರ್ಡನ್ನು ನಡುವೆ ಕತ್ತರಿಸಿ ಎರಡೂ ತುಂಡನ್ನು ಗಿರಾಕಿಯ ಅಂಗೈಗೆ ಹಾಕುತ್ತಿದ್ದಳು. ಕಾರ್ಡಿನ ಸಂಖ್ಯೆಯನ್ನು ಎಲ್ಲಿಯೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಬರೆದಿಟ್ಟುಕೊಂಡರೆ ಕತ್ತರಿಸಿದ್ದು ನಾಟಕವಾದೀತು ಎಂಬುದು ಅವಳ ಎಣಿಕೆ. ಕತ್ತರಿಯ ಆ ಸಣ್ಣ ಸದ್ದಿನ ಮೇಲೆ ಅವಳ ವ್ಯಾಪಾರ ನಿಂತಿತ್ತು.

ಪಾರ್ಸೆಲ್ಲುಗಳೆಲ್ಲ ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಸುಂಕ ಬಿದ್ದಿದ್ದರೆ ಅವಳೇ ಅಂಚೆ ಕಚೇರಿಯಲ್ಲಿ ಕಟ್ಟಿ ಬಿಡಿಸಿಕೊಂಡು, ಗಿರಾಕಿಯಿಂದ ಆಮೇಲೆ ಇಸಿದುಕೊಳ್ಳುತ್ತಿದ್ದಳು. ಗಂಗಾಧರಪ್ಪನವರು ಮಾತ್ರ ಒಪ್ಪಲಿಲ್ಲ.

ಅದು ನವೆಂಬರಿನ ಒಂದು ಮಧ್ಯಾಹ್ನ. ಜೀಪಿನ ಕಾರ್ಬುರೇಟರಿನ ಒಳಭಾಗಗಳು ಸವೆದು, ಬೆಂಗಳೂರಿನಲ್ಲೂ ಸಿಗದೆ, ಜಿಯಾಉದ್ದೀನನೇ ಅವರನ್ನು ಹೆಂಡತಿಯ ಅಂಗಡಿಗೆ ಕರೆತಂದಿದ್ದ. ಇಂಗ್ಲೆಂಡಿನಲ್ಲಿ ಹಳೇ ಜೀಪುಗಳ ಬಿಡಿಭಾಗ ಮಾರುವ ಅಂಗಡಿಯೊಂದು ಸಿಕ್ಕಿತು. ಎಲ್ಲ ಸರಿಹೋಗಿ ವಿಳಾಸದ ಜಾಗಕ್ಕೆ ಬಂದಾಗ ಶೈಮಾ ಎಂದಿನಂತೆ ಅಂಗಡಿಯ ಹೆಸರು ಒತ್ತತೊಡಗಿದಳು.

“ಏನದು? ನನ್ನ ಸಾಮಾನು ನಿನ್ನ ಅಂಗಡಿಗೆ ಯಾಕೆ ಬರಬೇಕು?”

“ಎಲ್ಲರದ್ದೂ ಇಲ್ಲಿಗೇ ಬರೋದು ಸಾಹುಕಾರ್ರೇ. ಬಂದ ತಕ್ಷಣ ಫೋನ್ ಮಾಡ್ತೀನಿ.”

“ಎಲ್ಲರಿಗೂ ಎಸ್ಟೇಟ್ ಇದೆಯಾ? ಟಪ್ಪಾಲು ಚೀಲ ಇದೆಯಾ? ಬರಿ. ಕಲ್ಲುಗುಡ್ಡೆ ಎಸ್ಟೇಟ್, ಬಣಕಲ್ ಅಂಚೆ. ಅಷ್ಟು ಬರೆದರೆ ಲಂಡನ್ನಿಂದಲೂ ಬರುತ್ತೆ. ನಮ್ಮಪ್ಪನ ಕಾಲದಿಂದ ಬಂದಿದೆ.”

ದೊಡ್ಡ ಎಸ್ಟೇಟುಗಳಿಗೆಲ್ಲ ಬೀಗ ಹಾಕುವ ಟಪ್ಪಾಲು ಚೀಲವಿರುತ್ತದೆ. ದಿನವೂ ಎಸ್ಟೇಟಿನ ಒಬ್ಬರು ಅದನ್ನು ಅಂಚೆ ಕಚೇರಿಗೆ ಒಯ್ದು, ಬಂದ ಕಾಗದ ಪತ್ರಗಳನ್ನು ತುಂಬಿಸಿಕೊಂಡು, ರಿಜಿಸ್ಟರ್ಡ್ ಇದ್ದರೆ ಸಹಿ ಹಾಕಿ ತರುತ್ತಾರೆ. ಕಲ್ಲುಗುಡ್ಡೆಯಲ್ಲಿ ಆ ಕೆಲಸ ಹದಿನೆಂಟು ವರ್ಷದಿಂದ ರೈಟರ್ ರೇವಣ್ಣನದು. ಹಾಜರಿ, ಸಂಬಳ, ಗೋಡೌನಿನ ಕೀ, ಟಪ್ಪಾಲು, ಎಲ್ಲವೂ ಅವನ ಕೈಲಿತ್ತು. ಶೈಮಾ ಇನ್ನೊಮ್ಮೆ ಹೇಳಲು ಬಾಯಿ ತೆರೆದಳು. ಜಿಯಾಉದ್ದೀನ್ ಕಣ್ಣಲ್ಲೇ ಬೇಡ ಎಂದ. ಅವಳು ಕಲ್ಲುಗುಡ್ಡೆ ಎಂದು ಒತ್ತಿದಳು. ಕಾರ್ಡು ಕತ್ತರಿಸಿ ತುಂಡುಗಳನ್ನು ಕೊಟ್ಟಳು. ಗಂಗಾಧರಪ್ಪನವರು ಅವನ್ನು ಬೀಡಿ ತುಂಡು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಜೇಬಿಗಿಳಿಸಿದರು.

ಡಿಸೆಂಬರ್ ಕಳೆಯಿತು. ಕೊಯ್ಲಿನ ಗಡಿಬಿಡಿಯಲ್ಲಿ ಅವರು ಕೇಳಲಿಲ್ಲ. ಜನವರಿಯಲ್ಲಿ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟು ಹೇಳತೊಡಗಿದರು: ಮೂಡಿಗೆರೆಯ ಕ್ಲಬ್ಬಿನಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ. ದುಬೈ ಕಾರ್ಡು ಅಂತ ತೋರಿಸಿ ಆರೂವರೆ ಸಾವಿರ ನುಂಗಿದಳು ಎಂಬ ಮಾತು ಫೆಬ್ರುವರಿ ಹೊತ್ತಿಗೆ ಕಳಸದವರೆಗೆ ಹೋಗಿತ್ತು. ದುರ್ಬೀನಿನ ಮ್ಯಾನೇಜರ್ ಹೇಳಿಟ್ಟಿದ್ದ ಎರಡನೇ ಆರ್ಡರ್ ಬೇಡವೆಂದರು. ವಸೀಮ್ ಕಳಿಸಿದ ಐದು ಕಾರ್ಡು ಡ್ರಾಯರಿನಲ್ಲಿ ಹಾಗೇ ಉಳಿದವು.

ಆ ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಜಿಯಾಉದ್ದೀನ್ ಹೇಳಿದ, “ದುಡ್ಡು ಕೊಟ್ಟುಬಿಡು. ಎಲ್ಲಾದರೂ ಹೊಂದಿಸೋಣ.”

“ಕೊಟ್ಟರೆ ಏನರ್ಥ?”

“ಏನರ್ಥ ಅಂದ್ರೆ? ಮುಗೀತು ಅಂತ ಅರ್ಥ.”

“ಕದ್ದಿದ್ದೆ, ವಾಪಸ್ ಕೊಟ್ಟೆ ಅಂತ ಅರ್ಥ. ನಾಳೆಯಿಂದ ನನ್ನ ಹತ್ರ ಜೆರಾಕ್ಸ್ ಮಾಡಿಸೋನೂ ಕಾಗದ ಎಣಿಸಿ ತಗೊಂಡು ಹೋಗ್ತಾನೆ.”

“ನಿನ್ನ ಒಂದು ಅಂಗಡಿ ಲೆಕ್ಕ ಹಾಕ್ತೀಯಲ್ಲ. ಕಲ್ಲುಗುಡ್ಡೆಯ ಎರಡು ಟ್ರಾಕ್ಟರು, ಪಿಕಪ್ಪು, ಸ್ಪ್ರೇಯರು, ಎಲ್ಲ ನನ್ನ ಗ್ಯಾರೇಜಿಗೆ ಬರೋದು. ಅವರು ಬೇಡ ಅಂದ್ರೆ ಉಳಿದ ಸಾಹುಕಾರ್ರೂ ಬೇಡ ಅಂತಾರೆ.”

“ಅವತ್ತು ವಿಳಾಸ ಹಾಕುವಾಗ ಕಣ್ಸನ್ನೆ ಮಾಡಿ ಸುಮ್ಮನಿರಿಸಿದ್ದು ನೀವೇ.”

ಜಿಯಾಉದ್ದೀನ್ ತಟ್ಟೆ ಬಿಟ್ಟು ಎದ್ದ.

ಬುಧವಾರ ಮಧ್ಯಾಹ್ನ ಇಂಗ್ಲೆಂಡಿನಿಂದ ಇಮೇಲ್ ಬಂತು. ಶೈಮಾ ಎರಡು ಸಲ ಓದಿದಳು. ನಿಮ್ಮ ಪಾರ್ಸೆಲ್ ನಿನ್ನೆ ನಮಗೆ ವಾಪಸ್ ತಲುಪಿದೆ. ವಿಳಾಸದಾರರು ನಿರಾಕರಿಸಿದ್ದಾರೆ ಎಂಬ, ಡಿಸೆಂಬರಿನ ತಾರೀಕಿನ ಮುದ್ರೆ ಅದರ ಮೇಲಿದೆ. ಅಂಚೆ ವೆಚ್ಚ ಕಳೆದು ಉಳಿದ ಹಣವನ್ನು ೪೪೧೭ ಎಂದು ಕೊನೆಯಾಗುವ ಕಾರ್ಡಿಗೆ ಮರಳಿಸಿದ್ದೇವೆ. ಕೊನೆಯಲ್ಲಿ ಒಂದು ಸಾಲು: ಬೇಡವಾಗಿದ್ದರೆ ಮೊದಲೇ ತಿಳಿಸಬಹುದಿತ್ತು.

ಅವಳು ಕೀಬೋರ್ಡಿನ ಪಕ್ಕದ ತುಂಡನ್ನು ತಿರುಗಿಸಿ ನೋಡಿದಳು. ಎಂಟು ಅಂಕಿ. ಕೊನೆಯ ನಾಲ್ಕು, ೪೪೧೭.

ಶಟರ್ ಅರ್ಧ ಎಳೆದು ಅಂಚೆ ಕಚೇರಿಗೆ ನಡೆದಳು. ಪೋಸ್ಟ್ ಮಾಸ್ಟರ್ ವಿಮಲಮ್ಮ ಮನಿಯಾರ್ಡರ್ ಬರೆಯುತ್ತಿದ್ದರು. ಶೈಮಾ ಪ್ರಿಂಟನ್ನು ಜಾಲರಿಯ ಕೆಳಗೆ ತಳ್ಳಿದಳು.

“ಕಲ್ಲುಗುಡ್ಡೆಗೆ ಇಂಗ್ಲೆಂಡಿನಿಂದ ಪಾರ್ಸೆಲ್ ಬಂದಿತ್ತಾ ಅಕ್ಕ? ವಾಪಸ್ ಕಳಿಸಿದ್ದು ಯಾರು?”

“ಇನ್ನೊಬ್ಬರ ಟಪ್ಪಾಲಿನ ವಿಷಯ ನಿನಗೆ ಹೇಳೋಕೆ ಬರಲ್ಲ ಮಾರಾಯ್ತಿ. ಬುಕ್ಕು ತೋರಿಸು ಅಂತ ಕೇಳಲೇಬೇಡ.”

“ನನ್ನನ್ನ ಕಳ್ಳಿ ಅಂತಿದ್ದಾರೆ. ಶುಕ್ರವಾರ ಅಂಗಡಿ ಬಿಡಿಸ್ತಾರೆ.”

“ಕೇಳಿದ್ದೀನಿ. ಕೇಳದೇ ಇರೋರು ಯಾರಿದ್ದಾರೆ ಈ ಊರಲ್ಲಿ?” ವಿಮಲಮ್ಮ ಕನ್ನಡಕ ಸರಿಮಾಡಿಕೊಂಡರು. ಪೆನ್ನಿನ ಹಿಂತುದಿಯಿಂದ ತಮ್ಮ ಬೆನ್ನ ಹಿಂದಿನ ಗೋಡೆಯನ್ನು ತೋರಿಸಿದರು. “ಬುಕ್ಕು ತೋರಿಸೋಕೆ ಬರಲ್ಲ. ಗೋಡೆ ನೋಡೋಕೆ ಯಾರ ಅಪ್ಪಣೆಯೂ ಬೇಡ.”

ಅಂಚೆ ದರದ ಪಟ್ಟಿಯ ಕೆಳಗೆ ಹಳದಿಯಾದ ಒಂದು ಕಾಗದ ಅಂಟಿಸಿತ್ತು. ಕಲ್ಲುಗುಡ್ಡೆ ಎಸ್ಟೇಟಿನ ಲೆಟರ್‌ಹೆಡ್ಡು. ತಾರೀಕು ೧೯೯೬ರ ಮೇ. “ನಮ್ಮ ಎಸ್ಟೇಟಿನ ಹೆಸರಿಗೆ ಬರುವ, ಹಣ ಕಟ್ಟಿ ಬಿಡಿಸಿಕೊಳ್ಳಬೇಕಾದ ಯಾವುದೇ ಪಾರ್ಸೆಲ್ಲನ್ನು ನಾವು ಸ್ವೀಕರಿಸುವುದಿಲ್ಲ. ನಮ್ಮ ರೈಟರಿಂದ ನಿರಾಕರಣೆಯ ಸಹಿ ಪಡೆದು ಕೂಡಲೇ ವಾಪಸ್ ಕಳಿಸತಕ್ಕದ್ದು.” ಕೆಳಗೆ ಗಂಗಾಧರಪ್ಪನವರ ಉದ್ದನೆಯ ಸಹಿ.

ಆ ಕಾಗದಕ್ಕೊಂದು ಹಿನ್ನೆಲೆಯಿತ್ತು. ಜಾಹೀರಾತು ನೋಡಿ ಯಾರೋ ಎಸ್ಟೇಟಿನ ಹೆಸರಲ್ಲಿ ರೇಡಿಯೋ ತರಿಸಿದ್ದರು. ವಿ.ಪಿ. ಹಣ ಕಟ್ಟಿ ಬಿಡಿಸಿಕೊಂಡು ಬಂದು ಬಿಚ್ಚಿದರೆ ಪೆಟ್ಟಿಗೆಯೊಳಗೆ ಅರ್ಧ ಇಟ್ಟಿಗೆ. ಆ ಸಿಟ್ಟಿನಲ್ಲಿ ಬರೆದದ್ದು. ಬರೆದವರು ಮರೆತರು. ರೇವಣ್ಣ ಮರೆಯಲಿಲ್ಲ. ವರ್ಷಕ್ಕೆ ನಾಲ್ಕಾರು ಪಾರ್ಸೆಲ್ಲನ್ನು, ಒಳಗೇನಿದೆ ಎಂದು ಕೇಳದೆ, ಸಹಿ ಹಾಕಿ ಹಿಂದಕ್ಕೆ ಕಳಿಸುತ್ತಿದ್ದ. ಸಾಹುಕಾರರಿಗೆ ಹೇಳುವ ಪದ್ಧತಿಯೂ ಇರಲಿಲ್ಲ.

“ಹೊರದೇಶದ ಪಾರ್ಸೆಲ್ಲಿಗೆ ಸುಂಕ ಬಿದ್ದರೆ ಅದು ಹಣ ಕಟ್ಟಿ ಬಿಡಿಸಿಕೊಳ್ಳೋ ಪಾರ್ಸೆಲ್ಲೇ ಅಲ್ವಾ ಅಕ್ಕ?” ಶೈಮಾ ಕೇಳಿದಳು.

ವಿಮಲಮ್ಮ ಮನಿಯಾರ್ಡರಿನಿಂದ ತಲೆಯೆತ್ತಲಿಲ್ಲ. “ಅದು ಕಾನೂನಿನ ಪ್ರಶ್ನೆ, ಹೇಳಬಹುದು. ಹೌದು.”

ಶುಕ್ರವಾರ ಗಂಗಾಧರಪ್ಪನವರು ಜುಮ್ಮಾ ನಮಾಜು ಬಿಡುವ ಹೊತ್ತಿಗೆ ಸರಿಯಾಗಿ ಬಂದರು. ರಸ್ತೆಯಲ್ಲಿ ಜನ ಇರುವ ಹೊತ್ತು. ಕಾರು ಓಡಿಸುತ್ತಿದ್ದವನು ರೇವಣ್ಣ. ಜಿಯಾಉದ್ದೀನ್ ಟೋಪಿ ತೆಗೆಯದೆಯೇ ಮಸೀದಿಯಿಂದ ನೇರ ಬಂದು ಮೆಟ್ಟಿಲ ಪಕ್ಕ ನಿಂತ.

“ಸಾಮಾನಾ, ಕೀನಾ?”

ಶೈಮಾ ಶಟರಿನ ಕೀಯನ್ನು ಮೇಜಿನ ಅಂಚಿಗೆ ಇಟ್ಟಳು. ಬೆಂಚಿನ ಮೇಲಿದ್ದವರು ಕತ್ತು ಚಾಚಿದರು.

“ಕೀ ಇಲ್ಲಿದೆ. ತಗೊಳ್ಳೋ ಮೊದಲು ರೇವಣ್ಣೋರನ್ನ ಒಂದು ಮಾತು ಕೇಳಿ. ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪಾರ್ಸೆಲ್ಲಿಗೆ ‘ಬೇಡ’ ಅಂತ ಸಹಿ ಹಾಕಿದ್ರಾ ಅಂತ.”

“ಅವನನ್ನ ಯಾಕೆ ಕೇಳ್ಲಿ? ನಿನ್ನ ಕಳ್ಳತನಕ್ಕೆ ನನ್ನ ರೈಟರ್ ಸಾಕ್ಷಿನಾ?”

“ಕೇಳಿ ಸಾಹುಕಾರ್ರೇ.”

ಕೇಳಬೇಕಾಗಿ ಬರಲಿಲ್ಲ. ರೇವಣ್ಣ ಕಾರಿನ ಬಾಗಿಲು ಹಿಡಿದು ನಿಂತವನು ಟಾರು ರಸ್ತೆ ನೋಡುತ್ತಿದ್ದ. ಜನವರಿಯಲ್ಲಿ ಸಾಹುಕಾರರು ಮೊದಲ ಸಲ ಪಾರ್ಸೆಲ್ಲಿನ ಹೆಸರೆತ್ತಿದ ದಿನವೇ ಅವನಿಗೆ ತಿಳಿದಿತ್ತು. ಹೇಳಲು ಧೈರ್ಯ ಬರದೆ ಆ ದಿನ ದಾಟಿತು. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ಆರು ವಾರ ಹಾಗೇ ಕಳೆದಿದ್ದ.

“ರೇವಣ್ಣ?”

“ಸುಂಕ ಆರುನೂರ ಹನ್ನೆರಡು ಅಂತ ಬರೆದಿತ್ತು ಅಯ್ಯ. ದುಡ್ಡು ಕಟ್ಟೋ ಪಾರ್ಸೆಲ್ ಯಾವುದೂ ಮುಟ್ಟಬೇಡ ಅಂತ ನೀವೇ...”

“ನಾನು ಯಾವಾಗ ಹೇಳಿದೆ?”

“ಬರೆದು ಕೊಟ್ಟಿದ್ದೀರಿ,” ಶೈಮಾ ಹೇಳಿದಳು. “ಪೋಸ್ಟಾಫೀಸಿನ ಗೋಡೆ ಮೇಲಿದೆ. ಹನ್ನೆರಡು ವರ್ಷದಿಂದ ಊರಿಗೆಲ್ಲ ಕಾಣೋ ಹಾಗಿದೆ. ಅದು ನನ್ನ ಮಿಷನ್ನಿನ ಪ್ರಿಂಟಲ್ಲ.”

ಈ ಸಲ ಬೆಂಚಿನವರು ನಕ್ಕಿದ್ದು ಬೇರೆ ನಗು. ಗಂಗಾಧರಪ್ಪನವರ ಕಿವಿ ಕೆಂಪಾಯಿತು. ರೇವಣ್ಣನಿಗೆ ಬೈದರು. ಆರುನೂರು ರೂಪಾಯಿ ನಿನ್ನ ಗಂಟು ಹೋಗ್ತಿತ್ತೇನೋ ಎಂದರು. ಬೈದು ಸಾಕಾದ ಮೇಲೆ ತಿರುಗಿ, ಏನೂ ಆಗಿಲ್ಲವೆಂಬಂತೆ ಹೇಳಿದರು:

“ಸರಿ. ದುಡ್ಡು ಎಲ್ಲಿದೆ?”

“ಅದೇ ಕಾರ್ಡಿಗೆ ವಾಪಸ್ ಬಂದಿದೆ. ಕೊನೆಯ ಸಂಖ್ಯೆ ನಾಲ್ಕು ನಾಲ್ಕು ಒಂದು ಏಳು.” ಶೈಮಾ ಪ್ರಿಂಟನ್ನೂ ತುಂಡನ್ನೂ ಪಕ್ಕಪಕ್ಕ ಇಟ್ಟಳು. ಜಿಯಾಉದ್ದೀನ್ ಬಗ್ಗಿ ಎರಡನ್ನೂ ಓದಿದ, ಜೋರಾಗಿ, ಒಂದೊಂದೇ ಅಂಕಿ.

“ಹಾಗಾದರೆ ಮತ್ತೆ ಆರ್ಡರ್ ಹಾಕು.”

“ಹದಿನಾರು ಅಂಕಿ ಬೇಕು. ಇದರಲ್ಲಿ ಎಂಟೇ ಇರೋದು. ಉಳಿದ ಎಂಟು, ಹಿಂದಿನ ಗುಟ್ಟು ಸಂಖ್ಯೆ, ಇನ್ನೊಂದು ತುಂಡಿನಲ್ಲಿ.”

“ಅದೆಲ್ಲಿ?”

“ಸೋಮವಾರ ನೀವು ಎಸೆದ್ರಲ್ಲ. ನಿಮ್ಮ ಮಳಿಗೆಯ ಚರಂಡಿಯಲ್ಲಿ.”

“ನೀನು ಎತ್ತಿಟ್ಟುಕೊಳ್ಳಲಿಲ್ವಾ?”

“ಇಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೇಕೆಂದೇ ಬಿಟ್ಟಿದ್ದಾಳೆ ಎಂದು ಅವರಿಗೆ ಅರ್ಥವಾಯಿತು. ಅರ್ಥವಾಗಿದೆ ಎಂದು ಅವಳಿಗೂ ಗೊತ್ತಾಯಿತು. ಅದೊಂದು ಮಾತ್ರ ಅವಳ ತಪ್ಪು. ಅದನ್ನು ಅವಳು ಮುಚ್ಚಿಡಲಿಲ್ಲ.

ಗಂಗಾಧರಪ್ಪನವರು ರೇವಣ್ಣನ ಕಡೆ ಕೈ ತೋರಿಸಿದರು. ಹದಿನೆಂಟು ವರ್ಷ ಹಾಜರಿ ಪುಸ್ತಕ ಬರೆದ ರೈಟರ್ ಪಂಚೆ ಎತ್ತಿ ಕಟ್ಟಿ, ಹೋಟೆಲಿನವನ ಸಬ್ಬಲ್ ಇಸಿದುಕೊಂಡು ಚಪ್ಪಡಿ ಎಬ್ಬಿಸಿದ. ಧರ್ಮಸ್ಥಳದ ಬಸ್ಸಿನವರು ಕಿಟಕಿಯಿಂದ ನೋಡಿದರು. ಚರಂಡಿ ಚೊಕ್ಕಟವಾಗಿತ್ತು. ಗುರುವಾರ ಪಂಚಾಯಿತಿಯವರು ಹೂಳು ತೆಗೆದು ಟ್ರಾಕ್ಟರಿನಲ್ಲಿ ಒಯ್ದಿದ್ದರು.

“ಶಾರ್ಜಾದಲ್ಲಿ ಕೇಳಿಸು. ಅವರ ಹತ್ರ ನಂಬರ್ ಇರುತ್ತೆ.”

“ತಮ್ಮನ ಕೈಲಿ ಕೇಳಿಸಿದೆ. ಹೆಸರಿಲ್ಲದ ಕಾರ್ಡು. ಪೂರ್ತಿ ಸಂಖ್ಯೆ ಹೇಳದೆ ಅವರು ಏನನ್ನೂ ಹೇಳಲ್ಲ.”

“ಹಾಗಾದರೆ ನಿನ್ನ ಕೈಯಿಂದ ಬೇರೆ ಕಾರ್ಡು ಹಾಕು. ಆಮೇಲೆ ನೋಡೋಣ.”

“ಕಳ್ಳ ಕಾರ್ಡು ಸಾಹುಕಾರ್ರೇ. ನಿಮಗ್ಯಾಕೆ?”

ಅವರು ಮೇಜಿನ ಅಂಚಿನ ಕೀಯನ್ನು ನೋಡಿದರು. ಅಷ್ಟು ಜನರ ಎದುರು ಅದನ್ನು ಎತ್ತಿಕೊಳ್ಳಲು ಈಗ ಕಾರಣವಿರಲಿಲ್ಲ. ಕಾರಿಗೆ ಹೋಗಿ ಕೂತರು. ತಪ್ಪಾಯಿತು ಎಂದು ಹೇಳಲಿಲ್ಲ. ಅವರು ಹೇಳುತ್ತಾರೆಂದು ಅಲ್ಲಿ ಯಾರೂ ಕಾದೂ ಇರಲಿಲ್ಲ. ಚಪ್ಪಡಿಯನ್ನು ಸರಿಯಾಗಿ ಕೂರಿಸಲು ರೇವಣ್ಣನಿಗೆ ಐದು ನಿಮಿಷ ಬೇಕಾಯಿತು. ಕಾರು ಅಷ್ಟು ಹೊತ್ತು ಹಾರ್ನ್ ಹೊಡೆಯುತ್ತಿತ್ತು.

ಅಂದು ಸಂಜೆ ಜಿಯಾಉದ್ದೀನ್ ಇಂಗ್ಲಿಷ್ ಜೀಪಿನ ಬಾನೆಟ್ ಮುಚ್ಚಿ, ನಾಲ್ಕು ಜನರಿಂದ ತಳ್ಳಿಸಿ ಗ್ಯಾರೇಜಿನ ಹೊರಗೆ ರಸ್ತೆ ಬದಿಗೆ ನಿಲ್ಲಿಸಿ, ಕಲ್ಲುಗುಡ್ಡೆಗೆ ಫೋನ್ ಮಾಡಿದ. “ಜಾಗ ಸಾಲಲ್ಲ, ಒಯ್ಯಿಸಿ” ಎಂದಷ್ಟೇ ಹೇಳಿದ. ಮರುವಾರದಿಂದ ಕಲ್ಲುಗುಡ್ಡೆಯ ಟ್ರಾಕ್ಟರುಗಳು ಮೂಡಿಗೆರೆಯ ಗ್ಯಾರೇಜಿಗೆ ಹೋಗತೊಡಗಿದವು.

ದುರ್ಬೀನಿನ ಮ್ಯಾನೇಜರ್ ಮಾರ್ಚಿನಲ್ಲಿ ಮತ್ತೆ ಬಂದರು. ಅವರ ಕಾರ್ಡನ್ನೂ ಶೈಮಾ ಕತ್ತರಿಸಿಯೇ ಕೊಟ್ಟಳು. ಆದರೆ ತುಂಡುಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಸಾಮಾನು ಕೈಸೇರುವವರೆಗೆ ಬಿಸಾಡಬೇಡಿ ಎಂದಳು. ವಿಳಾಸದ ಜಾಗದಲ್ಲಿ ಅಂಗಡಿಯ ಹೆಸರನ್ನು ಬಿಟ್ಟು ಬೇರೇನನ್ನೂ ಬರೆಯಲಿಲ್ಲ.

ಮಳಿಗೆಯ ಹನ್ನೊಂದು ತಿಂಗಳ ಕರಾರು ಜೂನಿಗೆ ಮುಗಿಯುವುದಿತ್ತು. ಮೇ ತಿಂಗಳ ಎರಡನೇ ವಾರ ಚಿಕ್ಕಮಗಳೂರಿನ ವಕೀಲರಿಂದ ಶೈಮಾಳ ಹೆಸರಿಗೆ ರಿಜಿಸ್ಟರ್ಡ್ ಕಾಗದ ಬಂತು. ವಿಮಲಮ್ಮ ಅದನ್ನು ಜಾಲರಿಯ ಆಚೆಯೇ ಹಿಡಿದುಕೊಂಡು ಕೇಳಿದರು, “ತಗೋತೀಯಾ, ಇಲ್ಲ ಬೇಡ ಅಂತ ಬರೀಲಾ?”

“ತಗೋತೀನಿ ಅಕ್ಕ,” ಎಂದು ಶೈಮಾ ಸಹಿ ಹಾಕಿದಳು.

ಕರಾರು ಮುಂದುವರಿಸುವುದಿಲ್ಲ, ಜೂನ್ ಮೂವತ್ತರೊಳಗೆ ಮಳಿಗೆ ಖಾಲಿ ಮಾಡಬೇಕು ಎಂದು ಅದರಲ್ಲಿತ್ತು. ಜೂನ್ ಇಪ್ಪತ್ತೆಂಟರಂದು ಜಿಯಾಉದ್ದೀನ್ ಕಂಪ್ಯೂಟರನ್ನೂ ಜೆರಾಕ್ಸ್ ಮಿಷನ್ನನ್ನೂ ಬಾಡಿಗೆ ಪಿಕಪ್ಪಿನಲ್ಲಿ, ಶೈಮಾ ಕೊಟ್ಟಿಗೆಹಾರದಲ್ಲಿ ಹಿಡಿದಿದ್ದ ಹೊಸ ಮಳಿಗೆಗೆ ಸಾಗಿಸಿದ.